ಧೂಳನ್ನೂ ತೂಗಿದ ತಕ್ಕಡಿ

ಬೆಳಿಗ್ಗೆ ಅಂಗಳ ಗುಡಿಸಿ, ಎಮ್ಮೆ ಹಿಂಡಿ, ಒಂದು ಬುಟ್ಟಿ ರೊಟ್ಟಿ ಬಡಿದು, ಹಳೆಯ ಗಾದಿ ಬಿಚ್ಚಿ ಅದರ ಅರಳೆ ಹೊರಗೆ ಹಾಕಿದೆ. ಹಿಂಜಲು ಮುರಗೋಡದ ಮೌಲಾಸಾಬರು ಬಂದಿದ್ದರು. ಇಪ್ಪತ್ತು ವರ್ಷದಿಂದ ನಮ್ಮ ಗಾದಿಗಳೆಲ್ಲ ಅವರ ಕೈಯಲ್ಲೇ ಮೆತ್ತಗಾಗಿವೆ. ಆದರೂ ನಮ್ಮ ಯಜಮಾನರು ಅರಳೆಯನ್ನು ಮುಳ್ಳಿನ ತಕ್ಕಡಿಗೆ ಹಾಕಿ, ತೂಗಿಯೇ ಕೊಟ್ಟರು. ಇಷ್ಟು ಅಪನಂಬಿಕೆ ಯಾಕೆ ಎಂದೆ.

“ಅಪನಂಬಿಕಿ ಅಲ್ಲ, ಇದಕ್ಕ ಹುಷಾರಿ ಅಂತಾರ,” ಎಂದರು. ಆ ಶಬ್ದಕ್ಕೆ ನಮ್ಮ ಮನೆಯಲ್ಲಿ ಇರುವ ಅರ್ಥ ಅದೇ.

ಹಿಂಜಿದ ಮೇಲೆ ಮತ್ತೆ ತೂಗಿದರು. ಒಂದು ಕಿಲೋ ಕಡಿಮೆ! ಯಜಮಾನರ ಕಣ್ಣು ಸೀದಾ ಸಾಬರ ಚೀಲಕ್ಕೆ ಹೋಯಿತು. ಸಾಬರು ನನ್ನ ಕಸಬರಿಗೆ ತಗೊಂಡು, ಅರಳೆಯಿಂದ ಉದುರಿದ ಧೂಳು, ಬೀಜ, ಸಿಪ್ಪೆಯನ್ನೆಲ್ಲ ಬಳಿದು, ಅರಳೆಯ ಪಕ್ಕದಲ್ಲೇ ತಕ್ಕಡಿಗೆ ಸುರಿದರು. ಮುಳ್ಳು ಮೊದಲಿನ ಜಾಗಕ್ಕಿಂತ ಕೂದಲೆಳೆಯಷ್ಟು ಈಚೆ ನಿಂತಿತು.

“ಉಳದದ್ದು ನಿಮ್ಮ ಮೀಸಿಯೊಳಗ ಕುಂತೈತ್ರಿ ಗೌಡ್ರ. ಝಾಡಿಸಿ ಹಾಕ್ರಿ, ಲೆಕ್ಕ ಸರಿ ಆಕ್ಕೈತಿ.”

ಗಾದಿ ಹೊಲಿದುಕೊಟ್ಟರು, ಚಹಾ ಮುಟ್ಟಲಿಲ್ಲ. “ಇನ್ನ ಬ್ಯಾರೇದವರನ್ನ ನೋಡ್ಕೋರಿ ಅಕ್ಕಾರ,” ಎಂದು ನನಗಷ್ಟೇ ಹೇಳಿ ಹೋದರು. ಯಜಮಾನರಿಗೆ ಒಂದು ‘ತಪ್ಪಾಯಿತು’ ಕೂಡ ಬಾಯಿಗೆ ಬರಲಿಲ್ಲ.

ಮಧ್ಯಾಹ್ನ ರೊಟ್ಟಿ, ಬದನೆಕಾಯಿ ಪಲ್ಯ, ಮಜ್ಜಿಗೆ ಉಂಡೆವು. ಆ ಗಾದಿಯ ಮೇಲೆ ಮಲಗಲು ನಾಚಿಕೆಯಾಗಿ ನಾನು ಚಾಪೆ ಹಾಸಿಕೊಂಡೆ. ನಮ್ಮ ಹುಷಾರಿ ಯಜಮಾನರು ಮಾತ್ರ ಮೀಸೆಯ ಧೂಳನ್ನೂ ಒರೆಸಿಕೊಳ್ಳದೆ, ಮೆತ್ತನೆಯ ಗಾದಿಯ ಮೇಲೆ ನನಗಿಂತ ಮೊದಲು ಗೊರಕೆ ಹೊಡೆದರು.