ಪಾಳ್ಯದ ನೀರು

ಕಾರ್ತಿಕ ಮಾಸದಿಂದ ಮಾಘದವರೆಗೆ, ಹದಿನೈದು ದಿನಕ್ಕೊಂದು ಭಾನುವಾರ, ನನ್ನ ಸೋದರಮಾವ ಜನರನ್ನು ಹಳೇ ದನದ ದಾರಿಯಲ್ಲಿ ನಡೆಸಿಕೊಂಡು ಹೋಗುತ್ತಾರೆ. ಹುಳಿಯಾರಿನ ಆಚೆಯ ಒಣನೆಲದಿಂದ ನಮ್ಮೂರಿನ ಮೊದಲ ಒಕ್ಕಲುಗಳು ದನ ಹೊಡೆದುಕೊಂಡು ಬಂದು, ಶೆಟ್ಟಿಕೆರೆಯ ಕಡೆ ಇಳಿದು, ಪೊದೆ ಸವರಿ ಕೆರೆ ಕಟ್ಟಿ ತೆಂಗು ಇಟ್ಟರು ಎಂಬುದು ಹಿರಿಯರ ಮಾತು. ಪೂರ್ತಿ ದಾರಿ ಒಂದು ದಿನದಲ್ಲಿ ಮುಗಿಯುವುದಲ್ಲ. ಮಾವ ತೋರಿಸುವುದು ಕೊನೆಯ ಹತ್ತು ಹನ್ನೆರಡು ಕಿಲೋಮೀಟರು ಮಾತ್ರ. ಗೋಮಾಳದ ಬಂಡೆಯ ಮೇಲೆ ಗಾಡಿಚಕ್ರ ಕೊರೆದ ಗೆರೆ, ತಲೆಹೊರೆ ಇಳಿಸುವ ಕಲ್ಲು, ದನಗಳಿಗೆಂದು ಕಡೆದಿಟ್ಟ ಕಲ್ಲುಬಾನಿ, ಆಮೇಲೆ ಪಾಳ್ಯ, ಕೊನೆಗೆ ನಮ್ಮ ಕೆರೆಯ ಏರಿ.

ನಾನು ಎಲ್ಲರಿಗಿಂತ ಹಿಂದೆ ನಡೆಯುತ್ತೇನೆ. ಯಾರೂ ತಪ್ಪಿಸಿಕೊಳ್ಳದಂತೆ ಪ್ರತಿ ಕಲ್ಲಿನ ಹತ್ತಿರ ತಲೆ ಎಣಿಸುವುದು ನನ್ನ ಕೆಲಸ. ತಾರೀಖು, ಬಂದವರೆಷ್ಟು, ಎಲ್ಲೆಲ್ಲಿ ಕೂತೆವು, ಯಾರ ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿತು, ಎಲ್ಲವನ್ನೂ ರಾತ್ರಿ ಊಟಕ್ಕೆ ಮೊದಲು ಬರೆದಿಡುತ್ತೇನೆ. "ಗುಳ್ಳೆ ಲೆಕ್ಕಾನೂ ಬರ್ಕಂತೀಯೇನೇ? ನಾಳೆ ಯಾರು ಓದ್ತಾರೆ ಅದ್ನ?" ಎಂದು ಮಾವ ನಗುತ್ತಿದ್ದರು. ಈ ವರ್ಷ ನಕ್ಕಿಲ್ಲ.

ಪಾಳ್ಯ ಅಂದರೆ ಇಪ್ಪತ್ತು ಮನೆ ಇರಬಹುದು. ನಮ್ಮ ಜನವೇ, ಹೆಣ್ಣು ಕೊಟ್ಟು ತರಲು ಅಡ್ಡಿಯಿಲ್ಲದವರು. ಆದರೆ ಅಲ್ಲೊಂದು ಕಥೆಯಿದೆ. ಮೊದಲ ಒಕ್ಕಲುಗಳು ಬರುವಾಗ ಅವರಲ್ಲೊಬ್ಬಳು ತುಂಬಿದ ಬಸುರಿ. ಪಾಳ್ಯದ ಬಾವಿಯ ಬಳಿ ನೀರು ಕೇಳಿದರೆ ಅಲ್ಲಿಯವರು ಹಗ್ಗ ಮೇಲಕ್ಕೆ ಎಳೆದುಕೊಂಡರಂತೆ. ಬಸುರಿ ಅಲ್ಲೇ ಹೊಲದ ಬದುವಿನಲ್ಲಿ ತೀರಿಕೊಂಡಳು. ಅವಳಿಗೊಂದು ಕಲ್ಲು ನೆಟ್ಟು, ನಮ್ಮವರು ಯಾರೂ ಈ ಊರಿನ ನೀರು ಮುಟ್ಟಬಾರದು ಎಂದು ಆಣೆ ಮಾಡಿ ಎದ್ದುಬಂದರು.

ನನ್ನ ಅಜ್ಜಿಯ ಕಾಲಕ್ಕೇ ಆ ಆಣೆ ಸವೆದಿತ್ತು. ಕೇಳಿದರೆ ಅಜ್ಜಿ, "ಏನೋ ಇತ್ತು ಕಣೇ, ನಂಗೆ ಸರಿಯಾಗಿ ಗ್ಯಾಪಕ ಇಲ್ಲ" ಅನ್ನುತ್ತಿದ್ದರು. ಅದನ್ನು ತೊಳೆದು ಒರೆಸಿ ಮತ್ತೆ ಹೊರಗೆ ತಂದು ಇಟ್ಟವರು ಮಾವ. ಬಸುರಿ ಕಲ್ಲಿನ ಮುಂದೆ ಕಥೆ ಹೇಳಿ ಮುಗಿಸಿ, "ಈಗ ಎಲ್ರೂ ಬಾಟ್ಲಿ ಮುಚ್ಚಳ ಹಾಕ್ಕಳಿ. ಪಾಳ್ಯ ದಾಟೋವರ್ಗೂ ಒಂದು ಹನಿ ಕುಡಿಯಂಗಿಲ್ಲ" ಅನ್ನುತ್ತಿದ್ದರು. ತುಮಕೂರು, ಬೆಂಗಳೂರಿನಿಂದ ಬಂದವರಿಗೆ ಇದೇ ಎಲ್ಲಕ್ಕಿಂತ ಇಷ್ಟ. ಬಾಯಿ ಬಿಗಿಹಿಡಿದು ಪಾಳ್ಯದ ಬೀದಿಯಲ್ಲಿ ನಡೆಯುತ್ತಾ ಫೋನಿನಲ್ಲಿ ವಿಡಿಯೊ ಮಾಡುತ್ತಿದ್ದರು.

ಆ ಬೀದಿಯ ಮೊದಲ ಮನೆಯ ಹೆಂಗಸು ಮೊದಲ ನಡಿಗೆಯ ದಿನವೇ ಜಗಲಿಯ ಮೇಲೆ ಬಿಂದಿಗೆ, ಚೊಂಬು ಇಟ್ಟುಕೊಂಡು ಕೂತಿದ್ದಳು. ಬಿಸಿಲಲ್ಲಿ ಬಂದವರಿಗೆ ನೀರು ಕೊಡಬೇಕು ಎಂಬುದಷ್ಟೇ ಆಕೆಗೆ ಗೊತ್ತು. ಯಾರೂ ಮುಟ್ಟದೆ ಹೋದಾಗ ಕಾರಣ ಕೇಳಿದಳು. ಮಾವ ನಗುತ್ತಲೇ ಹೇಳಿದರು.

"ಅಯ್ಯೋ, ನಾವು ಹಗ್ಗ ಎಳ್ಕಂಡ್ವಾ? ನಮ್ಮತ್ತೆ ಹೇಳ್ತಿದ್ದಿದ್ದೇ ಬ್ಯಾರೆ. ಆವತ್ತು ಬಾವೀಲಿ ನೀರೇ ಇರ್ಲಿಲ್ವಂತೆ" ಎಂದಳು ಆಕೆ. ಮಾವ, "ಇರಬೋದು ಕಣವ್ವ, ಕಥೆ ಅಲ್ವಾ" ಎಂದು ಮುಂದೆ ಹೋದರು. ಅಂದಿನಿಂದ ಆಕೆ ನೀರಿನ ಬದಲು ಎಳನೀರು ಕೆಡವಿಸಿ ಇಡತೊಡಗಿದಳು. ಅದನ್ನು ಕುಡಿಯಬಹುದೋ ಬಾರದೋ ಎಂದು ಒಂದು ಭಾನುವಾರ ಅಲ್ಲೇ ನ್ಯಾಯ ನಡೆಯಿತು.

"ಎಳನೀರು ಬಾವಿಯಿಂದ ಬಂದಿದ್ದಾ? ಮರದ್ದು" ಎಂದರು ಮಾವ.

"ಮರ ಏನು ಗಾಳಿ ಕುಡ್ದು ಬೆಳೀತಾ? ಅದೂ ಪಾಳ್ಯದ ನೀರೇ ತಾನೇ ಕುಡ್ದಿರೋದು?" ಎಂದಳು ಆಕೆಯ ಮಗಳು, ಮಚ್ಚಿನಿಂದ ಎಳನೀರಿನ ತಲೆ ಹಾರಿಸುತ್ತಾ. ಎಲ್ಲರೂ ನಕ್ಕರು. ಅರ್ಧ ಜನ ಕುಡಿದರು, ಅರ್ಧ ಜನ ಬಿಟ್ಟರು. ಮಾವ ಕುಡಿದರು.

ಆ ಹುಡುಗಿಗೆ ನಮ್ಮೂರಲ್ಲೇ ಗಂಡು ಗೊತ್ತಾಗಿತ್ತು. ಮಾತು ಮುಗಿದು, ಸಂಕ್ರಾಂತಿ ಕಳೆದ ಮೇಲೆ ಎಲೆ ಅಡಿಕೆ ಶಾಸ್ತ್ರ ಎಂದಾಗಿತ್ತು. ಹುಡುಗನಿಗೆ ತಂದೆಯಿಲ್ಲ, ಮನೆಯ ಮಾತೆಲ್ಲ ಅವನ ದೊಡ್ಡಪ್ಪನದು. ಮಾರ್ಗಶಿರದ ಮೊದಲ ಭಾನುವಾರ, ಊರವರೂ ಒಮ್ಮೆ ನಮ್ಮ ದಾರಿ ನೋಡಲಿ ಎಂದು ಮಾವ ಊರಿನ ಹಿರಿಯರನ್ನು ಕರೆದುಕೊಂಡು ಹೊರಟರು. ದೊಡ್ಡಪ್ಪನೂ ಬಂದರು. ಬಸುರಿ ಕಲ್ಲಿನ ಮುಂದೆ ಮಾವ ಆ ದಿನ ಎಂದಿಗಿಂತ ಚೆನ್ನಾಗಿ ಹೇಳಿದರು. ಹಗ್ಗ ಮೇಲಕ್ಕೆ ಹೋದದ್ದನ್ನು ಕೈಯಲ್ಲಿ ಎಳೆದು ತೋರಿಸಿದರು. ಇಬ್ಬರು ಮುದುಕರು ಕಣ್ಣೊರೆಸಿಕೊಂಡರು. ದೊಡ್ಡಪ್ಪ ಕಲ್ಲಿಗೆ ಕೈಮುಗಿದು, ಪಾಳ್ಯ ದಾಟುವವರೆಗೆ ಯಾರೊಂದಿಗೂ ಮಾತಾಡಲಿಲ್ಲ.

ನಾಲ್ಕನೇ ದಿನ ಸಂಬಂಧ ನಿಂತಿತು. "ನೀರು ಮುಟ್ದಿರೋ ಊರಿಂದ ಹೆಣ್ಣು ತಂದು, ಅವಳ ಕೈಯಾಗೆ ನೀರು ಕುಡಿಯೋದು ಹೆಂಗೆ?" ಎಂದು ದೊಡ್ಡಪ್ಪ ಹೇಳಿ ಕಳಿಸಿದ್ದರು.

ಹುಡುಗಿಯ ತಾಯಿ ಮಾವನ ಮನೆಗೆ ಬಂದಾಗ ನಾನು ಅಲ್ಲೇ ಇದ್ದೆ. ಅಟ್ಟದ ಕೆಳಗೆ, ಕಂಬಕ್ಕೆ ಒರಗಿ ನಿಂತಳು. ಕೂರು ಎಂದರೂ ಕೂರಲಿಲ್ಲ.

"ಅಣ್ಣಾ, ಮರ್ತೋಗಿದ್ದನ್ನ ನೀನು ನೆನಪು ಮಾಡ್ದೆ."

"ನಾನು ಕಥೆ ಹೇಳ್ದೆ ಕಣವ್ವ. ಅವ್ರು ಹಿಂಗೆ ತಗಂತಾರೆ ಅಂತ ನಂಗೇನು ಗೊತ್ತು?"

"ಗೊತ್ತಿರ್ಲಿಲ್ಲ, ಬುಡು. ಈಗ ಒಂದು ಮಾಡು. ಮುಂದಿನ ಸಲ ಅವ್ರನ್ನೂ ಕರ್ಕಂಡು ಬಾ. ಅವ್ರ ಎದುರಿಗೆ ನಮ್ಮ ಜಗಲಿ ಮ್ಯಾಲೆ ಕೂತು ಒಂದು ಚೊಂಬು ನೀರು ಕುಡಿ. ನೀನು ಕುಡಿದ್ರೆ ಅವ್ರೂ ಕುಡೀತಾರೆ. ಕಥೆ ಹೇಳ್ದೋನೇ ಕುಡಿದ ಮ್ಯಾಲೆ ಇನ್ನೇನೈತೆ?"

ಮಾವ ಒಪ್ಪಿದರು. ಅಷ್ಟೇ ತಾನೇ ಎಂದರು. ಅದೇ ದಿನ ಸಂಜೆ ಹೋಗಿ ದೊಡ್ಡಪ್ಪನನ್ನೂ ಒಪ್ಪಿಸಿ ಬಂದರು. "ನೀನು ಕುಡಿ, ಆಮೇಲೆ ನೋಡನ" ಎಂದಿದ್ದರಂತೆ ಅವರು.

ಮುಂದಿನ ನಡಿಗೆಯ ಭಾನುವಾರ ಮೋಡವಿತ್ತು. ತೋಟಗಳ ಮೇಲೆ ಬೆಳಕೇ ಬಿದ್ದಿರಲಿಲ್ಲ. ಬಸುರಿ ಕಲ್ಲಿನ ಬಳಿ ಮಾವ ಕಥೆಯನ್ನು ಬೇಗ ಮುಗಿಸಿದರು. ಬಾಟಲಿ ಮುಚ್ಚಿ ಎನ್ನಲಿಲ್ಲ. ಆದರೆ ಮೊದಲು ಬಂದು ಹೋಗಿದ್ದ ಒಬ್ಬಾತ ಉಳಿದವರಿಗೆ ಹೇಳಿಕೊಟ್ಟು ಎಲ್ಲರಿಂದಲೂ ಮುಚ್ಚಿಸಿದ. ಜಗಲಿಗೆ ಸಗಣಿ ಸಾರಿಸಿ ರಂಗೋಲಿ ಬಿಟ್ಟಿದ್ದರು. ಹುಣಸೆಹಣ್ಣಿನಲ್ಲಿ ತಿಕ್ಕಿದ ಚೊಂಬು ಹೊಳೆಯುತ್ತಿತ್ತು. ಹುಡುಗಿ ಒಳಬಾಗಿಲಲ್ಲಿ ನಿಂತಿದ್ದಳು. ದೊಡ್ಡಪ್ಪ ಬೀದಿಯಲ್ಲೇ, ಚಪ್ಪಲಿ ಬಿಡದೆ ನಿಂತರು.

ಮಾವ ಜಗಲಿಯ ಮೇಲೆ ಕೂತರು. ಆಕೆ ಚೊಂಬು ತಂದು ಮುಂದಿಟ್ಟಳು. ಮಾವ ಅದನ್ನು ನೋಡಿದರು. ಕೈ ಚಾಚಿದರು, ಚೊಂಬು ಮುಟ್ಟದೆ ಆ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಮೂಲೆಯಲ್ಲಿ ಎಂದಿನಂತೆ ಎಳನೀರಿನ ಗೊನೆ ಇತ್ತು.

"ಎಳನೀರೇ ಕೊಡವ್ವ. ಬಿಸ್ಲು ಜಾಸ್ತಿ" ಎಂದರು.

ಬಿಸಿಲೇ ಇರಲಿಲ್ಲ.

ಆಕೆ ಚೊಂಬನ್ನು ಇನ್ನಷ್ಟು ಹತ್ತಿರ ಸರಿಸಿದಳು. "ಚೊಂಬಿನ ನೀರು ತಣ್ಣಗೈತೆ ಅಣ್ಣ" ಎಂದಳು, ಬಹಳ ಮೆಲ್ಲಗೆ. ಮಾವ ತಲೆ ಎತ್ತಲಿಲ್ಲ. ಹುಡುಗಿ ಹೊರಗೆ ಬಂದು, ಮಚ್ಚು ತೆಗೆದುಕೊಂಡು ಕೊಚ್ಚಿ ಕೊಟ್ಟಳು. ಮಾವ ಒಂದೇ ಉಸಿರಿಗೆ ಕುಡಿದರು. ಬಂದಿದ್ದವರು ಇದೂ ನಡಿಗೆಯದೇ ಒಂದು ಭಾಗವೆಂದು ತಿಳಿದು ಚಪ್ಪಾಳೆ ತಟ್ಟಿದರು. ಒಬ್ಬಾಕೆ, "ಇನ್ನೊಂದ್ಸಲ ಸಾರ್, ವಿಡಿಯೊ ಬಂದಿಲ್ಲ" ಎಂದಳು.

"ಆಯ್ತು ಬುಡಪ್ಪ" ಎಂದರು ದೊಡ್ಡಪ್ಪ, ಬೀದಿಯಿಂದಲೇ. "ನಿನ್ ಕೈಲೇ ಆಗ್ಲಿಲ್ಲ. ನಂಗೆ ಹೇಳಾಕೆ ಬಂದಿದ್ದೆ." ಅವರು ಒಬ್ಬರೇ ಮುಂದೆ ನಡೆದುಬಿಟ್ಟರು.

ಹುಡುಗಿ ಮಾವನ ಕೈಯಿಂದ ಖಾಲಿ ಎಳನೀರು ತೆಗೆದುಕೊಂಡು, "ಒಳ್ಗೆ ಗಂಜಿ ಐತೆ, ಕೆರ್ದು ಕೊಡ್ಲಾ, ಅದ್ರಾಗೆ ನೀರಿರಲ್ಲ" ಎಂದಳು. ಆ ಮಾತಿಗೆ ಅವಳ ತಾಯಿಯೂ ಬೈಯಲಿಲ್ಲ.

ಏರಿಯ ಮೇಲೆ ಎಲ್ಲರನ್ನೂ ಬೀಳ್ಕೊಟ್ಟ ಮೇಲೆ ಮಾವ ಕಲ್ಲಿನ ಮೇಲೆ ಕುಸಿದು ಕೂತರು. ಯಾಕೆ ಕುಡಿಯಲಿಲ್ಲ ಮಾವ ಎಂದೆ.

"ಕಥೆ ಅಂದ್ಕಂಡಿದ್ದೆ ಕಣೇ. ಚೊಂಬು ನೋಡ್ತಿದ್ದಂಗೆ ಆ ಬಸ್ರಿ ಅಲ್ಲೇ ನಿಂತವ್ಳೆ ಅನ್ನಿಸ್ತು. ನೂರು ಸಲ ನಾನೇ ಹೇಳಿ ಹೇಳಿ ನಿಲ್ಸಿದ್ದೀನಲ್ಲ ಅವಳ್ನ ಅಲ್ಲಿ." ಆಮೇಲೆ, "ಎಳನೀರು ಕುಡಿದ್ರೆ ಎರಡೂ ಕಡೆಗೆ ಆಯ್ತದೆ ಅಂದ್ಕಂಡೆ" ಎಂದರು.

ಅವರ ಮೇಲೆ ಸಿಟ್ಟು ಮಾಡಬೇಕು ಅನ್ನಿಸಿತ್ತು. ಮಾಡಲಾಗಲಿಲ್ಲ. ಆ ಜಗಲಿಯ ಮೇಲೆ ನಾನು ಕೂತಿದ್ದರೆ ಕುಡಿಯುತ್ತಿದ್ದೆನೇ ಎಂದು ಕೇಳಿಕೊಂಡೆ. ಕುಡಿಯುತ್ತಿದ್ದೆ ಎಂದು ಆ ರಾತ್ರಿ ಬರೆದೆ. ಈಗ ಓದಿದರೆ ಆ ಸಾಲಿನ ಮೇಲೆ ನನಗೇ ನಂಬಿಕೆ ಬರುವುದಿಲ್ಲ.

ಸಂಕ್ರಾಂತಿ ಕಳೆದು ಹುಡುಗನಿಗೆ ಹಂದನಕೆರೆ ಕಡೆಯ ಹೆಣ್ಣು ಗೊತ್ತಾಯಿತು. ಮಾವ ಬಾಳೆಹಣ್ಣು, ಹೂವು ಕಟ್ಟಿಸಿಕೊಂಡು ಪಾಳ್ಯಕ್ಕೆ ಒಬ್ಬರೇ ಹೋಗಿ ಬಂದರು. ಆಕೆ ಬೈಯಲಿಲ್ಲವಂತೆ. ಮಗಳು ಮನೆಯಲ್ಲಿಲ್ಲ ಎಂದಳಂತೆ. ಹಣ್ಣು ಒಳಗಿಟ್ಟುಕೊಂಡು, "ಹೊರಡಿ ಅಣ್ಣ, ಹೊತ್ತಾಯ್ತದೆ" ಎಂದಳಂತೆ. ಕುಡಿಯಲು ಏನಾದರೂ ಬೇಕೇ ಎಂದು ಮಾತ್ರ ಕೇಳಲಿಲ್ಲ ಎಂದು ಮಾವ ನನ್ನ ಮುಖ ನೋಡದೆ ಹೇಳಿದರು.

ಆಮೇಲಿನ ನಡಿಗೆಗಳಲ್ಲಿ ನಾವು ಪಾಳ್ಯದೊಳಗೆ ಹೋಗುವುದಿಲ್ಲ. ಕಲ್ಲುಬಾನಿಯಿಂದ ಎಡಕ್ಕೆ ತಿರುಗಿ, ಪರಿಚಯದವರೊಬ್ಬರ ತೋಟದೊಳಗೆ ಹಾದು, ಕೆರೆಯ ಹಿಂದಿನ ಬೀಳುಭೂಮಿಗೆ ಏರುತ್ತೇವೆ. ಮಾವ ಬಸುರಿ ಕಲ್ಲಿನ ಕಥೆ ಹೇಳುವುದಿಲ್ಲ. ವಿಡಿಯೊ ನೋಡಿ ಬಂದವರು ಅದನ್ನೇ ಕೇಳುತ್ತಾರೆ. "ಆ ಕಡೆ ದಾರಿ ಕೆಟ್ಟೋಗೈತೆ" ಎಂದುಬಿಡುತ್ತಾರೆ.

ಮಾಘದ ಕೊನೆಯ ನಡಿಗೆಯಲ್ಲಿ ತೋಟದ ನಡುವೆ ಒಬ್ಬ ಹುಡುಗನಿಗೆ ತಲೆ ಸುತ್ತಿತು. ಎಲ್ಲರ ಬಾಟಲಿಗಳೂ ಖಾಲಿಯಾಗಿದ್ದವು. ಬೇಲಿಯಾಚೆ ಪಾಳ್ಯದ ಮೊದಲ ಮನೆಯ ಹಂಚು ಕಾಣುತ್ತಿತ್ತು. ಯಾರೋ ಬಾವಿಯಿಂದ ನೀರು ಸೇದುವ ಸದ್ದು ಕೇಳುತ್ತಿತ್ತು. "ಅಲ್ಲೇ ಇದ್ಯಲ್ಲ ಸಾರ್ ಮನೆ, ತಗೊಂಡು ಬರ್ಲಾ?" ಎಂದ ಅವನ ಗೆಳೆಯ.

ಮಾವ ಆ ಹಂಚಿನ ಕಡೆ ನೋಡುತ್ತಾ ನಿಂತರು. ಆಮೇಲೆ ಹುಡುಗನ ಕಂಕುಳಿಗೆ ಕೈಕೊಟ್ಟು ಎಬ್ಬಿಸಿ, "ಬೇಡ ಕಣಪ್ಪ, ಯಾವ ಮುಖ ಇಟ್ಕಂಡು ಕೇಳೋದು" ಎಂದರು. ಗೆಳೆಯನಿಗೆ ಏನೂ ಅರ್ಥವಾಗಲಿಲ್ಲ. ಅವನೂ ಮಾವನೂ ಆ ಹುಡುಗನನ್ನು ಎರಡು ಕಡೆ ಹಿಡಿದುಕೊಂಡು ನಮ್ಮೂರಿನವರೆಗೆ ನಡೆಸಿಕೊಂಡು ಬಂದರು.