ದಿನಾ ಬರುತ್ತಿದ್ದ ಇಸಿಜಿ

ಹೋದ ವಾರ ಕಲಬುರಗಿಯ ಜಗತ್ ಸರ್ಕಲ್ ಹತ್ತಿರದ ಕ್ಲಿನಿಕ್ಕಿನಲ್ಲಿ ಇಸಿಜಿ ತೆಗೆಯಲು ನನ್ನ ಎದೆಗೆ ತಣ್ಣನೆಯ ಜೆಲ್ ಹಚ್ಚಿದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಸಿಸ್ಟರ್ ನೆನಪಾದರು... ಕಣ್ಣು ತುಂಬಿ ಬಂತು. ತಂತಿ ಹಚ್ಚುತ್ತಿದ್ದಾಕೆ ಏನಾಯಿತೋ ಎಂದು ಗಾಬರಿಯಾದಳು.

ಜಿಲ್ಲೆಯ ಆಸ್ಪತ್ರೆಗಳಿಗೆ ಕೊಟ್ಟ ಹೊಸ ಯಂತ್ರಗಳು ಎಷ್ಟು ಬಳಕೆಯಾಗುತ್ತಿವೆ ಎಂದು ಅಳೆಯುವುದು ನನ್ನ ಕೆಲಸ. ಬಸ್ಸು ಹಿಡಿದು, ಕಮಲಾಪುರ ದಾಟಿ ಒಂದು ಸಣ್ಣ ಆಸ್ಪತ್ರೆಗೆ ಹೋಗುತ್ತಿದ್ದೆ. ಸಿಸ್ಟರ್ ಅಲ್ಲಿನ ಹಿರಿಯ ನರ್ಸ್. ಹೋದ ಕೂಡಲೇ ಕೆಂಪು ಬಾಳೆಹಣ್ಣು ಕೈಗಿಟ್ಟು, "ಮೊದಲ ತಿನ್ರಿ ಸರ್, ಆಮ್ಯಾಲ ಲೆಕ್ಕ ಕೇಳ್ರಿ" ಎನ್ನುತ್ತಿದ್ದರು.

ಅಲ್ಲೊಂದು ಇಸಿಜಿ ಯಂತ್ರವಿತ್ತು. ಅಲ್ಲಿ ತೆಗೆದ ಇಸಿಜಿ ಆಗಿಂದಾಗಲೇ ಕಲಬುರಗಿಯ ಹೃದಯದ ಡಾಕ್ಟರ ಪರದೆಗೆ ಹೋಗಬೇಕು, ಅವರು ನೋಡಿ ಫೋನಿನಲ್ಲಿ ಔಷಧ ಹೇಳಬೇಕು. ಆದರೆ ಎದೆನೋವು ಅಂದರೆ ಸಾಕು, ಜನ ಸೀದಾ ಕಲಬುರಗಿಗೆ ಓಡುತ್ತಿದ್ದರು. ಬಳಸದ ಯಂತ್ರವನ್ನು ಬೇರೆ ಕಡೆ ಸಾಗಿಸುವುದು ಮೇಲಿನವರ ಪದ್ಧತಿ. ಅದಕ್ಕೇ ಸಿಸ್ಟರ್ ದಿನಾ ಬೆಳಿಗ್ಗೆ ತಾವೇ ಮಂಚದ ಮೇಲೆ ಮಲಗಿ, ಆಯಾ ಕೈಯಿಂದ ತಂತಿ ಹಚ್ಚಿಸಿಕೊಂಡು, ತಮ್ಮ ಇಸಿಜಿಯನ್ನೇ ಕಳಿಸುತ್ತಿದ್ದರು.

"ಗಟ್ಟಿಮುಟ್ಟಾಗಿದ್ದವರಿಗೆ ಇದೆಲ್ಲಾ ಯಾಕ್ರೀ ಸಿಸ್ಟರ್?" ಎಂದು ನಾನು ನಕ್ಕೆ.

"ನಗಬ್ಯಾಡ್ರಿ. ಮಷೀನ್ ಒಯ್ದ್ರಂದ್ರ, ಒಂದಿನ ಯಾರಿಗರ ಖರೇನೇ ಎದಿ ಹಿಡೀತದ. ಅವರು ದಾರ್ಯಾಗೇ ಹೋಗ್ತಾರ."

ಯಂತ್ರ ಉಳಿಯಿತು. ನಾನು ಇದ್ದದ್ದನ್ನು ಇದ್ದ ಹಾಗೆ ವರದಿಯ ಷರಾದಲ್ಲಿ ಬರೆದೆ. ಷರಾ ಓದುವಷ್ಟು ಪುರಸೊತ್ತು ಯಾರಿಗಿದೆ? ಅಂಕಿ ಚೆನ್ನಾಗಿತ್ತು, ಮೇಲಿನವರಿಗೆ ಅಷ್ಟೇ ಸಾಕು.

ಒಂದು ಬೆಳಿಗ್ಗೆ ಸಿಸ್ಟರ್‌ಗೇ ಎದೆ ಹಿಡಿಯಿತು. ಡಾಕ್ಟರ್ ಇನ್ನೂ ಬಂದಿರಲಿಲ್ಲ. ಆಯಾ ತಂತಿ ಹಚ್ಚಿ ಇಸಿಜಿ ಕಳಿಸಿದಳಂತೆ. ಎಂದಿನ ಹೊತ್ತು, ಎಂದಿನ ಹೆಸರು. ಕಲಬುರಗಿಯಲ್ಲಿ ಪರದೆಯ ಮುಂದೆ ಕೂತಿದ್ದವರು, "ಸಿಸ್ಟರ್‌ದು ದಿನಾ ಬರೂದೇ ಅದ, ಬಿಡ್ರಿ" ಎಂದು ತೆರೆದೇ ನೋಡಲಿಲ್ಲ. ಆಯಾ ಫೋನ್ ಬರುತ್ತದೆಂದು ಕಾದಳು, ಸಿಸ್ಟರೂ ಕಾದರು... ಆ ಮಂಚದ ಮೇಲೇ ಅವರ ಜೀವ ಹೋಯಿತು.

ಒಡಹುಟ್ಟಿದ ಅಕ್ಕನನ್ನು ಕಳೆದುಕೊಂಡ ಹಾಗೆ ಅತ್ತೆ. ಆ ಕಡೆ ಹೋಗುವುದೇ ಬೇಡ ಅನ್ನಿಸುತ್ತದೆ, ಆದರೆ ಕೆಲಸ ಬಿಡುವ ಹಾಗಿಲ್ಲ. ನಿನ್ನೆ ಹೋಗಿದ್ದೆ. ಯಂತ್ರ ಅಲ್ಲೇ ಇದೆ. ಅವರ ಜಾಗಕ್ಕೆ ಬಂದ ಹೊಸ ನರ್ಸ್ ಮಂಚದ ಮೇಲೆ ಮಲಗಿದ್ದರು, ಅದೇ ಆಯಾ ತಂತಿ ಹಚ್ಚುತ್ತಿದ್ದಳು.

ನನ್ನ ಮುಖ ನೋಡಿ ಆಯಾ ಅಂದಳು: "ಏನ್ ಮಾಡೂದ್ರೀ ಸರ್? ಇಲ್ಲಂದ್ರ ಒಯ್ತಾರಲ್ಲ."