ಲಂಕೆಯ ಯುದ್ಧಕ್ಕೆ ಕೊಪ್ಪಳದಲ್ಲಿ ತೀರ್ಪು

ಎಂಬತ್ತೇಳರಲ್ಲಿ ನಮ್ಮ ಸೈನ್ಯ ಲಂಕೆಗೆ ಹೋದಾಗ ನಾನು ಕೊಪ್ಪಳದ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಭಾಗ್ಯನಗರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಯಲಬುರ್ಗಾ ಕಡೆಯ ನಮ್ಮ ಹಳ್ಳಿಯಿಂದ ಅವ್ವ ಮತ್ತು ವೈನಿ, ಅಂದರೆ ಅಣ್ಣನ ಹೆಂಡತಿ, ಬಂದು ನನ್ನ ಜೊತೆಗಿದ್ದರು. ಅಣ್ಣ ಸೈನ್ಯದಲ್ಲಿದ್ದ. ಮೊದಲು ಹೋದವರು ಸಾಲದೆ ಇನ್ನಷ್ಟು ಪಡೆ ಹೋಗುತ್ತಿದೆ ಎಂದು ರೇಡಿಯೋದಲ್ಲಿ ಬಂದ ವಾರವೇ ಅವನ ಪತ್ರ ಬಂತು. ಎಲ್ಲಿಗೆ ಹೋಗುತ್ತಿದ್ದೇನೆಂದು ಬರೆದಿರಲಿಲ್ಲ. ಸಮುದ್ರ ನೋಡುವ ಯೋಗ ಬಂದಿದೆ ಎಂದಷ್ಟೇ ಇತ್ತು. ಅವ್ವ ಆ ಸಾಲನ್ನು ನನ್ನಿಂದ ಮೂರು ಸಲ ಓದಿಸಿದಳು. ಮೂರನೆಯ ಸಲ ಓದಿದ ಮೇಲೆ ಜೋಳ ಹಸನು ಮಾಡಲು ಕುಳಿತಳು.

ಊರಿನಲ್ಲಿ ಆ ಯುದ್ಧವನ್ನು ನಡೆಸುತ್ತಿದ್ದವರು ಇಬ್ಬರು. ಒಬ್ಬರು ವಕೀಲರು, ಇನ್ನೊಬ್ಬರು ಕಾಲೇಜಿನಲ್ಲಿ ಇತಿಹಾಸ ಹೇಳುವ ಉಪನ್ಯಾಸಕರು. ವಕೀಲರು ನಮ್ಮ ಶಾಲೆಯ ಚಿತ್ರಕಲಾ ಮಾಸ್ತರರ ಕೈಯಲ್ಲಿ ಲಂಕೆಯ ದೊಡ್ಡ ನಕಾಶೆ ಬರೆಸಿಕೊಂಡು ತಮ್ಮ ಆಫೀಸಿನ ಗೋಡೆಗೆ ಹಚ್ಚಿದ್ದರು. ನಮ್ಮವರು ಹಿಡಿದ ಊರುಗಳಿಗೆಲ್ಲ ಅದರ ಮೇಲೆ ಹಣೆಗಿಡುವ ಒಂದೊಂದು ಕೆಂಪು ಟಿಕಳಿ, ಹೆಂಡತಿಯ ಡಬ್ಬಿಯಿಂದ ತಂದದ್ದು. ಹುಬ್ಬಳ್ಳಿಯ ಬಸ್ಸು ಪೇಪರಿನ ಕಟ್ಟು ಇಳಿಸಿದ ಕೂಡಲೆ ಆ ಆಫೀಸಿನಲ್ಲಿ ಜನ ಸೇರುತ್ತಿದ್ದರು. ಹೆಚ್ಚಿನ ಪಡೆ ಹೋದ ಮೇಲೆ ಯುದ್ಧದ ದಿಕ್ಕೇ ಬದಲಾಗಿದೆ, ಇನ್ನು ಮೂರು ತಿಂಗಳ ಮಾತು ಎಂಬುದು ವಕೀಲರ ವಾದ. ಆ ಮೂರು ತಿಂಗಳು ಪ್ರತಿ ತಿಂಗಳೂ ಮೂರೇ ಆಗಿ ಉಳಿಯುತ್ತಿದ್ದವು. ಉಪನ್ಯಾಸಕರು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಅದೇ ಪೇಪರು ಹಿಡಿದು, ಎಲ್ಲಾ ವ್ಯರ್ಥ, ಎಷ್ಟು ಕಳಿಸಿದರೂ ಅಷ್ಟೇ ಎಂದು ಸಾಬೀತು ಮಾಡುತ್ತಿದ್ದರು. ಸತ್ತವರ ಸಂಖ್ಯೆ ಹೆಚ್ಚಿದ್ದ ದಿನ ಅವರ ದನಿಗೆ ಕಳೆ ಬರುತ್ತಿತ್ತು. ಒಬ್ಬರು ದಿನಾ ಯುದ್ಧ ಗೆದ್ದು ಊಟಕ್ಕೆ ಹೋಗುತ್ತಿದ್ದರು, ಇನ್ನೊಬ್ಬರು ಸೋತು ಊಟಕ್ಕೆ ಹೋಗುತ್ತಿದ್ದರು. ಊಟ ಮಾತ್ರ ಇಬ್ಬರದೂ ತಪ್ಪಿದ್ದಿಲ್ಲ.

ಅಂಚೆ ಕಚೇರಿಗೆ ಹೋಗುವಾಗ ನಾನು ವಕೀಲರ ಆಫೀಸನ್ನು ದಾಟಿಯೇ ಹೋಗಬೇಕಿತ್ತು. ಅವರು ಒಳಗಿನಿಂದಲೇ ಕರೆಯುತ್ತಿದ್ದರು.

"ಅಕ್ಕೋರ, ಅಣ್ಣನ ಪತ್ರ ಬಂತೇನ್ರಿ? ಯಾವ ಊರಾಗ ಅದಾನಂತ? ಟಿಕಳಿ ಹಚ್ಚಬೇಕಾಗೇದ."

ಗೊತ್ತಿಲ್ಲರಿ ಎಂದು ನಕ್ಕು ಮುಂದೆ ಹೋಗುತ್ತಿದ್ದೆ. ಆ ನಗು ಈಗ ನೆನಪಾದರೆ ನನ್ನ ಬಗ್ಗೆಯೇ ಹೇಸಿಗೆಯಾಗುತ್ತದೆ. ನಿಜ ಹೇಳಬೇಕೆಂದರೆ ನನಗೂ ಒಂದು ಬಿಂಕ ಬಂದಿತ್ತು. ಸ್ಟಾಫ್ ರೂಮಿನಲ್ಲಿ ಯುದ್ಧದ ಮಾತು ಬಂದಾಗ ಎಲ್ಲರೂ ನನ್ನ ಕಡೆ ತಿರುಗುತ್ತಿದ್ದರು. ನಾನು ಅಣ್ಣನ ಪತ್ರದಲ್ಲಿ ಇಲ್ಲದ ಒಂದೆರಡು ಮಾತುಗಳನ್ನೂ ಸೇರಿಸಿ ಹೇಳುತ್ತಿದ್ದೆ.

ಮರುವರ್ಷದ ಬೇಸಿಗೆಗೆ ಮೊದಲು ಅಣ್ಣ ರಜೆಯ ಮೇಲೆ ಬಂದ. ಎಡಗಿವಿ ಕೇಳುತ್ತಿರಲಿಲ್ಲ. ಹತ್ತಿರದಲ್ಲೇ ಏನೋ ಸಿಡಿಯಿತಂತೆ, ಅಷ್ಟೇ ಹೇಳಿದ. ಊಟ ಚೆನ್ನಾಗಿ ಮಾಡುತ್ತಿದ್ದ, ನಿದ್ದೆಯನ್ನೂ ಮಾಡುತ್ತಿದ್ದ. ಆದರೆ ಬೀದಿಯಲ್ಲಿ ನಡೆಯುವಾಗ ಹೊಸದಾಗಿ ಅಗೆದ ಮಣ್ಣು ಕಂಡರೆ ಸುತ್ತಿ ಹೋಗುತ್ತಿದ್ದ. ನಮ್ಮ ಓಣಿಯಲ್ಲಿ ನಳದ ಪೈಪು ಹಾಕಲು ಅಗೆದು ಮುಚ್ಚಿದ್ದರು. ಅವನು ಅದನ್ನು ದಾಟದೆ ಹಿಂದಿನ ಓಣಿಯಿಂದ ಮನೆಗೆ ಬರುತ್ತಿದ್ದ. ಅಲ್ಲಿ ಹೆಂಗಿತ್ತಪ್ಪಾ ಎಂದು ಅವ್ವ ಕೇಳಿದರೆ, ತೆಂಗಿನ ಗಿಡ ಭಾಳ ಅದಾವು ಎನ್ನುತ್ತಿದ್ದ.

ಅದೇ ಹೊತ್ತಿಗೆ ಊರಿನ ವಾಚನಾಲಯದವರು ಒಂದು ಸಾರ್ವಜನಿಕ ಚರ್ಚೆ ಇಟ್ಟರು. ಲಂಕೆಗೆ ಹೆಚ್ಚಿನ ಸೈನ್ಯ ಕಳಿಸಿದ್ದು ಫಲ ಕೊಟ್ಟಿದೆಯೋ ಇಲ್ಲವೋ ಎಂಬುದೇ ವಿಷಯ. ವಕೀಲರು ಪರ, ಉಪನ್ಯಾಸಕರು ವಿರೋಧ. ಗಂಗಾವತಿಯ ಒಬ್ಬ ರೈಸ್ ಮಿಲ್ಲಿನ ಸಾಹುಕಾರರು ಅಧ್ಯಕ್ಷರು, ಗೆದ್ದವರಿಗೆ ಕೊಡುವ ಬೆಳ್ಳಿ ಕಪ್ ಅವರದೇ. ತೀರ್ಪುಗಾರರು ಮೂವರು: ನಿವೃತ್ತ ಹೆಡ್‌ಮಾಸ್ತರರು, ಕುಷ್ಟಗಿಯ ಒಬ್ಬ ಡಾಕ್ಟರು, ಮತ್ತು ನಾನು. ನನ್ನನ್ನು ಯಾಕೆ ಕರೆದರೆಂದು ನನಗೆ ಗೊತ್ತಿತ್ತು. ಸೈನಿಕನ ತಂಗಿ ಕುಳಿತರೆ ವೇದಿಕೆ ತುಂಬಿ ಕಾಣುತ್ತದೆ. ಒಪ್ಪಿಕೊಂಡೆ. ಹೊಸ ಇಳಕಲ್ ಸೀರೆ ತೆಗೆದಿಟ್ಟೆ.

ಎರಡು ದಿನ ಮೊದಲು ವಕೀಲರು ನಮ್ಮ ಮನೆಗೇ ಬಂದರು. ಅಣ್ಣ ವೇದಿಕೆಯ ಮೇಲೆ ಸುಮ್ಮನೆ ಕುಳಿತರೆ ಸಾಕು, ಮಾತಾಡುವುದೇನೂ ಬೇಡ ಎಂದರು. ಅಣ್ಣ ನನ್ನ ಮುಖ ನೋಡಿದ. ನಾನು ಬೇಡ ಎಂದಿದ್ದರೆ ಅವನು ಹೋಗುತ್ತಿರಲಿಲ್ಲ. ನಾನು ಚಹಾ ತರಲು ಎದ್ದೆ. ಬಂದು ನೋಡುವಷ್ಟರಲ್ಲಿ ಅವನು ಹೂಂ ಅಂದುಬಿಟ್ಟಿದ್ದ.

ರವಿವಾರ ಸಂಜೆ ನಾಲ್ಕಕ್ಕೆ ಸಭೆ. ಸಿನಿಮಾಕ್ಕೆ ಸೇರಿದಂತೆ ಜನ ಸೇರಿದ್ದರು. ಅಣ್ಣನಿಗೆ ಮಾಲೆ ಹಾಕಿ ನಡುವೆ ಕೂಡಿಸಿದರು. ವೈನಿ ಹೆಂಗಸರ ಸಾಲಿನಲ್ಲಿ ಕೊನೆಗೆ ಕುಳಿತಿದ್ದಳು. ವಕೀಲರು ಕಿಷ್ಕಿಂಧೆಯಿಂದ ಶುರುಮಾಡಿದರು. ಹಿಂದೆ ಲಂಕೆಗೆ ಹೋದ ವಾನರಸೇನೆಯೂ ನಮ್ಮ ಗಂಗಾವತಿ ತಾಲೂಕಿನ ಆನೆಗುಂದಿಯಿಂದಲೇ ಹೊರಟದ್ದು, ಆಗಲೂ ಕೊನೆಗೆ ಗೆಲ್ಲಿಸಿದ್ದು ಸಂಖ್ಯೆಯೇ ಎಂದರು. ಸಾಹುಕಾರರು ತಮ್ಮ ತಾಲೂಕಿನ ಹೆಸರು ಬಂದದ್ದಕ್ಕೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸತ್ತವರನ್ನು ಮಂಗಗಳ ಲೆಕ್ಕಕ್ಕೆ ಸೇರಿಸಿದ್ದು ಯಾರಿಗೂ ಹೊಳೆಯಲಿಲ್ಲ. ಉಪನ್ಯಾಸಕರು, ಪೂರ್ವದೇಶವೊಂದಕ್ಕೆ ವರ್ಷ ವರ್ಷವೂ ಹೆಚ್ಚು ಹೆಚ್ಚು ಪಡೆ ಕಳಿಸಿ ಕೊನೆಗೆ ಬರಿಗೈಲಿ ಮರಳಿದ ದೊಡ್ಡ ರಾಷ್ಟ್ರದ ಕತೆ ಹೇಳಿದರು. ಅವರು ಹೇಳಿದ್ದು ಸರಿಯಿರಬಹುದು. ಆದರೆ ಹೆಣಗಳ ಸಂಖ್ಯೆಯನ್ನು ಹೇಳಿ, ಚಪ್ಪಾಳೆಗೆ ಜಾಗ ಬಿಟ್ಟು, ನೀರು ಕುಡಿಯುವ ಅವರ ರೀತಿಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಎರಡೂ ಭಾಷಣ ಮುಗಿದ ಮೇಲೆ ಅಧ್ಯಕ್ಷರಿಗೆ ಹುಕಿ ಬಂತು. ಅಲ್ಲೇ ಇದ್ದು ಬಂದವರನ್ನೇ ಕೇಳಿಬಿಡೋಣ ಎಂದರು. ವಕೀಲರು ಬೇಡ ಎನ್ನಲಿಲ್ಲ. ಅಣ್ಣ ಎದ್ದು ಮೈಕಿನ ಮುಂದೆ ನಿಂತ. ಮನೆಯಲ್ಲಿ ಮಾತಾಡಿದಂತೆ ಮಾತಾಡಿದ.

"ನಮ್ಮದು ಒಂದು ರಸ್ತೆ ಕಾಯೂ ಕೆಲಸ ಇತ್ರಿ. ನೆಲದಾಗ ಏನರ ಹುಗದಾರೇನು ಅಂತ ದಿನಾ ಮುಂಜಾನೆ ನೋಡಕೋತ ನಡೀಬೇಕು. ಮೊದಲ ಸ್ವಲ್ಪ ಮಂದಿ ಇದ್ವಿ, ದೂರ ದೂರ ನಡೀತಿದ್ವಿ. ಆಮ್ಯಾಲ ಮತ್ತ ಮಂದಿ ಬಂದ್ರು. ಒಬ್ಬರ ಬೆನ್ನಿಗೆ ಒಬ್ಬರು ನಡಿಯಾಕ ಹತ್ತಿದ್ವಿ. ಮೊದಲ ಸಿಡದ್ರ ಒಬ್ಬ ಹೋಗತಿದ್ದ. ಆಮ್ಯಾಲ ಸಿಡದಾಗ ಮೂರು ಮಂದಿ ಹೋದ್ರು."

ಅಧ್ಯಕ್ಷರು ಅಷ್ಟಕ್ಕೇ ಬಿಡಲಿಲ್ಲ.

"ಅದೆಲ್ಲಾ ಖರೇ. ಆದ್ರ ಮಂದಿ ಹೆಚ್ಚು ಕಳಿಸಿದ್ದು ಉಪಯೋಗ ಆಗೇತೋ ಇಲ್ಲೋ, ಅಷ್ಟ ಹೇಳ್ರಿ."

"ರಸ್ತೆ ಬಂದ್ ಆಗಲಿಲ್ಲರಿ," ಎಂದು ಹೇಳಿ ಅಣ್ಣ ಬಂದು ಕುಳಿತ.

ಅಷ್ಟು ಸಾಕಾಯಿತು. ವಕೀಲರು ಮೈಕು ಕಸಿದುಕೊಂಡಂತೆ ಎಳೆದುಕೊಂಡು, ಕೇಳಿದಿರಲ್ಲ, ರಸ್ತೆ ಬಂದ್ ಆಗಿಲ್ಲ, ಇದಕ್ಕಿಂತ ಸಾಕ್ಷಿ ಬೇಕೇ ಎಂದರು. ಉಪನ್ಯಾಸಕರು ಕುಳಿತಲ್ಲಿಂದಲೇ ಮೂರು ಬೆರಳು ಎತ್ತಿ ತೋರಿಸಿ, ಒಬ್ಬನ ಜಾಗದಲ್ಲಿ ಮೂವರು, ನನ್ನ ವಾದವೂ ಇದೇ ಎಂದರು. ಅವರ ಮುಖದಲ್ಲಿ ಗೆಲುವಿತ್ತು. ಜನರೂ ಎರಡು ಪಾಲಾಗಿ ಶಿಳ್ಳೆ ಹಾಕಿದರು. ಅಣ್ಣ ತನ್ನ ಕೇಳುವ ಕಿವಿಯನ್ನು ನನ್ನ ಕಡೆ ಮಾಡಿ, "ಏನಂತಾರ ತಂಗೀ?" ಎಂದು ಕೇಳಿದ.

"ನಿನ್ನ ಹೊಗಳಾಕತ್ತಾರ," ಎಂದೆ.

ತೀರ್ಪಿನ ಹಾಳೆ ನನ್ನ ಕೈಯಲ್ಲಿತ್ತು. ಭಾಷೆ, ಮಂಡನೆ, ವಿಷಯ ಎಂದು ಹೆಡ್‌ಮಾಸ್ತರರು ಗೆರೆ ಹೊಡೆದು ಕೊಟ್ಟಿದ್ದರು. ಹಾಳೆ ಹರಿದು ಎದ್ದು ಹೋಗಬಹುದಿತ್ತು. ನಾನು ಶಾಲೆಯ ಉತ್ತರಪತ್ರಿಕೆ ತಿದ್ದುವವಳಂತೆ ತಲೆ ತಗ್ಗಿಸಿ ಅಂಕ ಹಾಕಿದೆ. ವಕೀಲರ ಕನ್ನಡ ಶುದ್ಧವಾಗಿತ್ತು, ಒಂದು ತಪ್ಪೂ ಇರಲಿಲ್ಲ. ಉಳಿದ ಇಬ್ಬರು ತೀರ್ಪುಗಾರರು ಒಬ್ಬೊಬ್ಬರು ಒಂದೊಂದು ಕಡೆಗಿದ್ದರು. ನನ್ನ ಅಂಕದಿಂದ ವಕೀಲರು ಗೆದ್ದರು. ಯುದ್ಧದಲ್ಲಿ ಹೆಚ್ಚಿನ ಸೈನ್ಯ ಫಲ ಕೊಟ್ಟಿದೆ ಎಂದು ಕೊಪ್ಪಳದಲ್ಲಿ ಅಧಿಕೃತವಾಗಿ ತೀರ್ಮಾನಿಸಿದವಳು ನಾನು. ಆ ಸಭಾಂಗಣದಲ್ಲಿದ್ದ ಅಷ್ಟೂ ಜನರಲ್ಲಿ ನನ್ನಷ್ಟು ಅಗ್ಗದವರು ಬೇರೆ ಯಾರಿದ್ದರೋ ನಾನು ಕಾಣೆ.

ಮನೆಗೆ ನಡೆದು ಬರುವಾಗ ಅಣ್ಣ ಮುಂದೆ ಹೋಗುತ್ತಿದ್ದ. ವೈನಿ ನನ್ನ ಪಕ್ಕ ಬಂದಳು. ಅವಳು ಎಂದೂ ದನಿ ಏರಿಸಿದವಳಲ್ಲ.

"ಆ ಮೂರೂ ಮಂದಿ ಅವರ ಕೂಡ ದಿನಾ ಉಂಡವರು. ಒಬ್ಬನ ಲಗ್ನ ಗೊತ್ತಾಗಿತ್ತಂತ. ನನಗ ಹೇಳ್ಯಾರ, ನಿನಗ ಹೇಳಿಲ್ಲ," ಎಂದಳು. ಮತ್ತೆ ಸ್ವಲ್ಪ ದೂರ ನಡೆದು, "ನಿನಗ ಹೇಳದಿದ್ದದ್ದು ಛಲೋ ಆತು," ಎಂದಳು.

ನಾನು ನಡಿಗೆ ನಿಧಾನ ಮಾಡಿ ಹಿಂದೆ ಉಳಿದೆ.

ರಜೆ ಮುಗಿಸಿ ಅಣ್ಣ ಹೋದ. ಕಿವಿಯ ಕಾರಣಕ್ಕೆ ಅವನನ್ನು ಮತ್ತೆ ಲಂಕೆಗೆ ಕಳಿಸದೆ ಉತ್ತರದ ಕಡೆ ಒಂದು ಸಾಮಾನಿನ ಡಿಪೋದಲ್ಲಿ ಇಟ್ಟರು. ಮಗನನ್ನು ಉಳಿಸಿತೆಂದು ಅವ್ವ ಆ ಕಿವಿಗೆ ಹರಕೆ ಹೊತ್ತಳು. ಮುಂದೆ ಸೈನ್ಯವನ್ನು ಹಿಂದಕ್ಕೆ ಕರೆಸುತ್ತಾರೆ ಎಂಬ ಸುದ್ದಿ ಬಂದಾಗ ವಕೀಲರು ಬಸ್ ಸ್ಟ್ಯಾಂಡಿನ ಅದೇ ಹೋಟೆಲಿನಲ್ಲಿ ಕುಳಿತು, ಇದು ಹೀಗೇ ಆಗುತ್ತದೆಂದು ನಾನು ಮೊದಲಿನಿಂದ ಹೇಳುತ್ತಿದ್ದೆ ಎಂದರು. ಎದುರಿಗೆ ಉಪನ್ಯಾಸಕರೇ ಇದ್ದರು. ಅವರೂ ತಲೆಯಾಡಿಸಿದರು. ಅಷ್ಟರಲ್ಲಿ ಇಬ್ಬರಿಗೂ ಚುನಾವಣೆಯ ವಿಷಯ ಸಿಕ್ಕಿತ್ತು, ಲಂಕೆ ಬೇಕಾಗಿರಲಿಲ್ಲ.

ಅಣ್ಣ ಪೆನ್ಷನ್ ಆಗಿ ಬಂದು ಕುಷ್ಟಗಿಯಲ್ಲಿ ಹಿಟ್ಟಿನ ಗಿರಣಿ ಹಾಕಿದ. ಗಿರಣಿಯ ಸದ್ದಿನಲ್ಲಿ ಯಾರಿಗೂ ಏನೂ ಕೇಳುವುದಿಲ್ಲ, ಇಲ್ಲಿ ಎಲ್ಲಾರೂ ನನ್ನಂಗ ಎಂದು ನಗುತ್ತಿದ್ದ. ನಾನು ತಿಂಗಳಿಗೊಮ್ಮೆ ಹೋಗುತ್ತಿದ್ದೆ. ವೈನಿ ರೊಟ್ಟಿ ಬಡಿದು ಹಾಕುತ್ತಿದ್ದಳು, ಮಕ್ಕಳ ವಿಷಯ, ಮಳೆಯ ವಿಷಯ ಎಲ್ಲಾ ಮಾತಾಡುತ್ತಿದ್ದಳು. ಅಣ್ಣ ತನಗೆ ಹೇಳಿದ್ದನ್ನು ಮಾತ್ರ ಆಮೇಲೆ ಒಂದು ದಿನವೂ ನನ್ನ ಮುಂದೆ ಹೇಳಲಿಲ್ಲ. ಕೇಳುವ ಧೈರ್ಯ ನನಗೂ ಬರಲಿಲ್ಲ.